ಚಿಂದಿ

ಮುಂಬಯಿಯಲ್ಲಿ ಯಾರನ್ನಾದರೂ ‘ಚಿಂದಿ’ ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಬೆಂಗಳೂರಿನ ಕಾಲೇಜು ಹುಡುಗರಿಗೆ ಅದೇ ಮಾತು ಅಂದರೆ ಮುಖ ಅರಳುತ್ತದೆ. ಮುಂಬಯಿಯ ಬೀದಿ ಹಿಂದಿಯಲ್ಲಿ ‘ಚಿಂದಿ ಚೋರ್’ ಎಂದರೆ ಕೈಗೆ ಸಿಕ್ಕ ಚಿಲ್ಲರೆ ಸಾಮಾನು ಎತ್ತಿಕೊಂಡು ಹೋಗುವ ಸಣ್ಣ ಕಳ್ಳ, ‘ಚಿಂದಿಗಿರಿ’ ಎಂದರೆ ಹತ್ತು ರೂಪಾಯಿಗೂ ಕೈ ಬಿಗಿಹಿಡಿಯುವ ಜಿಪುಣತನ. ಬೆಂಗಳೂರಿನಲ್ಲಿ ‘ಪಿಕ್ಚರ್ ಚಿಂದಿ ಗುರು’ ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಹೀಗೆ ಒಂದೂರಿನ ಬೈಗುಳ ಇನ್ನೊಂದೂರಿನ ಶಹಬಾಸ್‌ಗಿರಿಯಾಗಿರುವ ಪದದ ಹುಟ್ಟೂರು ಮಾತ್ರ ದರ್ಜಿಯ ಅಂಗಡಿಯ ನೆಲ. ಕತ್ತರಿಯಿಂದ ಉದುರಿದ ಬಟ್ಟೆಯ ಚೂರಿಗೆ ಕನ್ನಡಿಗರಾದ ನಾವೂ ಹಿಂದಿಯವರೂ ಚಿಂದಿ ಅನ್ನುತ್ತೇವೆ. ಮರಾಠಿಯವರು ಕೊನೆಯ ಅಕ್ಷರಕ್ಕೆ ಸ್ವಲ್ಪ ಉಸಿರು ಕೊಟ್ಟು ಚಿಂಧಿ ಅನ್ನುತ್ತಾರೆ. ಮೂರೂ ಭಾಷೆ ಒಟ್ಟಿಗೆ ಓಡಾಡುವ ಈ ಮುಂಬಯಿಯಲ್ಲಿ ಸೂಜಿ ಹಿಡಿದು ಕೂರುವ ನನಗೆ ಈ ಪದದ ಮೇಲೆ ವಿಶೇಷ ಮಮತೆ.

ಎಷ್ಟು ಉದ್ದದ ಬಟ್ಟೆ ಚಿಂದಿ? ಗಿರಣಿಗಳಲ್ಲಿ ಇದಕ್ಕೆ ಲೆಕ್ಕವೇ ಇತ್ತು. ಕಾವಸ್‌ಜಿ ದಾವರ್ 1854ರಲ್ಲಿ ಮುಂಬಯಿಯ ಮೊದಲ ಹತ್ತಿ ಗಿರಣಿಯನ್ನು ಸ್ಥಾಪಿಸಿದ ಮೇಲೆ ಪರೇಲ್, ಲಾಲ್‌ಬಾಗ್ ಸುತ್ತಿನ ಸೀಮೆಗೆ ಗಿರಣಗಾವ್ ಎಂಬ ಹೆಸರೇ ಬರುವಷ್ಟು ಚಿಮಣಿಗಳು ಎದ್ದವು. ಥಾನಿನ ಕೊನೆಯಲ್ಲಿ ಉಳಿದ, ಕಲೆಯೋ ಎಳೆತಪ್ಪೋ ಕಂಡ ಕಡೆ ಕತ್ತರಿಸಿ ತೆಗೆದ ತುಂಡುಗಳನ್ನು ಉದ್ದ ನೋಡಿ ಬೇರೆ ಮಾಡುತ್ತಿದ್ದರು: ದೊಡ್ಡದು ಫೆಂಟ್, ಅದಕ್ಕಿಂತ ಚಿಕ್ಕದು ರ್‍ಯಾಗ್, ಎಲ್ಲಕ್ಕಿಂತ ಚಿಕ್ಕದು ಚಿಂದಿ. ಬೀದಿಯ ಪದ ಗಿರಣಿಯ ರಿಜಿಸ್ಟರಿನಲ್ಲೂ ಸುಂಕದ ಕಾಗದದಲ್ಲೂ ಹಾಗೇ ಸೇರಿಕೊಂಡಿತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದ ಮೇಲೆ ಅನೇಕ ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಇವತ್ತು ಆ ಜಾಗಗಳಲ್ಲಿ ಮಾಲ್‌ಗಳಿವೆ, ಗಾಜಿನ ಆಫೀಸುಗಳಿವೆ. ಚಿಂದಿ ಮಾತ್ರ ಊರು ಬಿಡಲಿಲ್ಲ. ಧಾರಾವಿಯ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ, ಉಲ್ಹಾಸನಗರದ ಜೀನ್ಸ್ ಹೊಲಿಗೆ ಮಳಿಗೆಗಳಲ್ಲಿ ದಿನವೂ ಗೋಣಿಗಟ್ಟಲೆ ಹುಟ್ಟುತ್ತದೆ, ತೂಕಕ್ಕೆ ಮಾರಾಟವಾಗುತ್ತದೆ. ಒಂದಿಷ್ಟು ಮೆಷಿನ್ ಒರೆಸಲು, ಒಂದಿಷ್ಟು ಗಾದಿಯ ಹೊಟ್ಟೆ ತುಂಬಲು ಹೋಗುತ್ತದೆ. ಉದ್ದುದ್ದ ಪಟ್ಟಿಗಳು ಮಗ್ಗ ಸೇರಿ ನೆಲಹಾಸಾಗುತ್ತವೆ. ವಿದೇಶದ ಅಂಗಡಿಗಳಲ್ಲೂ ಆ ನೆಲಹಾಸಿಗೆ ‘ಚಿಂದಿ ರಗ್’ ಎಂದೇ ಹೆಸರು.

ಗಿರಣಿಯವರಿಗೆ ಚಿಂದಿ ಎಂದರೆ ಒಂದು ಅಳತೆ. ಹೊಲಿಯುವವರ ಅನುಭವ ಬೇರೆ. ಒಂಬತ್ತು ಇಂಚಿನ ಚೂರು ಒಬ್ಬರ ಕೈಯಲ್ಲಿ ಕಸ, ಇನ್ನೊಬ್ಬರ ಕೈಯಲ್ಲಿ ರವಿಕೆಯ ಕೊರಳಪಟ್ಟಿ. ಬಟ್ಟೆ ಚಿಂದಿಯಾಗುವುದು ಕತ್ತರಿ ಬಿದ್ದ ಗಳಿಗೆಯಲ್ಲಲ್ಲ, ಇನ್ನು ಇದಕ್ಕೆ ಎಲ್ಲೂ ಜಾಗವಿಲ್ಲ ಎಂದು ನಾವು ಕೈಬಿಟ್ಟ ಗಳಿಗೆಯಲ್ಲಿ. ಆ ಜಾಗ ಹುಡುಕುವುದರಲ್ಲೇ ಹೊಲಿಗೆಯ ಅರ್ಧ ಸುಖವಿದೆ.

ರವಿಕೆಯನ್ನೇ ನೋಡಿ. ಸೀರೆಯ ಜೊತೆ ಬರುವ ಬ್ಲೌಸ್ ಪೀಸ್ ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ಒಳಗೆ. ಬೆನ್ನು, ಎರಡು ಮುಂಭಾಗ, ಎರಡು ತೋಳು, ಸೊಂಟಪಟ್ಟಿ ಎಲ್ಲವೂ ಅಷ್ಟರಲ್ಲೇ ಏಳಬೇಕು. ಕಟೋರಿ ಬ್ಲೌಸ್ ಆದರೆ ಎದೆಯ ಭಾಗಕ್ಕೆ ಬೇರೆ ತುಂಡುಗಳನ್ನು ಕತ್ತರಿಸಿ ಕೂಡಿಸಬೇಕಾದ್ದರಿಂದ ಇನ್ನೂ ಇಕ್ಕಟ್ಟು. ಒಳ್ಳೆಯ ಕಟಿಂಗ್ ಮಾಸ್ಟರ್ ಕತ್ತರಿಗೆ ಮೊದಲು ಸೀಮೆಸುಣ್ಣ ಹಿಡಿಯುತ್ತಾರೆ. ಬಟ್ಟೆಯನ್ನು ಮಡಚಿ, ತಿರುಗಿಸಿ, ಒಂದು ತುಂಡಿನ ಉಬ್ಬು ಇನ್ನೊಂದರ ತಗ್ಗಿಗೆ ಬರುವಂತೆ ಗೆರೆ ಎಳೆಯುತ್ತಾರೆ. ಕತ್ತರಿ ಆಡಿದ ಮೇಲೆ ನೆಲಕ್ಕೆ ಬೀಳುವ ಚೂರುಗಳಲ್ಲಿ ಮೈಯ ಆಕಾರ ಗುರುತಿಸಬಹುದು: ಕೊರಳಿನಿಂದ ಬಂದದ್ದು ಅರ್ಧಚಂದ್ರ, ಕಂಕುಳಿನ ಬಳಿಯದ್ದು ಬಾಗಿದ ತ್ರಿಕೋನ, ಭುಜದ ಇಳಿಜಾರಿನದು ಸಣ್ಣ ಬೆಣೆ.

ಈ ಚೂರುಗಳಿಂದ ಪೈಪಿಂಗ್ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಎಳೆಯ ನೇರಕ್ಕೆ ಕತ್ತರಿಸಿದ ಪಟ್ಟಿ ಕೊರಳಿನ ಸುತ್ತು ತಿರುಗುವುದಿಲ್ಲ, ನಿರಿಗೆ ಕಟ್ಟಿ ಎದ್ದು ನಿಲ್ಲುತ್ತದೆ. ಅದೇ ಚೂರನ್ನು ಮೂಲೆಯಿಂದ ಮೂಲೆಗೆ ಮಡಚಿ, ಆ ಓರೆಗೆರೆಯ ಗುಂಟ ಪಟ್ಟಿ ತೆಗೆದರೆ ಬಟ್ಟೆಗೆ ಎಳೆತ ಬರುತ್ತದೆ. ಎರಡು ಬೆರಳಲ್ಲಿ ಹಿಡಿದು ಜಗ್ಗಿದರೆ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ನಮ್ಮ ಕಡೆಯ ದರ್ಜಿಗಳು ಇದಕ್ಕೆ ಕ್ರಾಸ್ ಪಟ್ಟಿ ಅನ್ನುತ್ತಾರೆ, ಇಲ್ಲಿನ ಉತ್ತರದ ಕಾರಿಗರರು ಉರೇಬ್ ಪಟ್ಟಿ ಅನ್ನುತ್ತಾರೆ. ಒಂದೂಕಾಲು ಇಂಚಿನ ಅಗಲ ಸಾಕು. ಒಂದೇ ಚೂರಿನಲ್ಲಿ ಉದ್ದ ಸಾಲದಿದ್ದರೆ ಎರಡು ಪಟ್ಟಿಗಳ ತುದಿಯನ್ನು ಓರೆಯಾಗಿಯೇ ಸೇರಿಸಬೇಕು, ಆಗ ಜೋಡಿಸಿದ ಜಾಗ ಗಂಟಾಗುವುದಿಲ್ಲ. ಒಳಗೆ ದಾರ ಇಟ್ಟು, ಕೊರಳಿನ ಅಂಚಿಗೆ ಹೊಲಿದು, ಒಳಮಗ್ಗುಲಿಗೆ ಮಡಚಿ ಸಣ್ಣ ಸಣ್ಣ ಕೈಹೊಲಿಗೆಯಲ್ಲಿ ಮುಗಿಸಿದರೆ ಕೊರಳಿಗೆ ಒಂದು ಗೆರೆ ಎದ್ದು ಬರುತ್ತದೆ. ಸಾವಿರಾರು ರೂಪಾಯಿಯ ರೇಷ್ಮೆ ರವಿಕೆಗೆ ಅಂದ ಕೊಡುವ ಆ ಗೆರೆ ಹುಟ್ಟುವುದು ನೆಲದ ಚೂರಿನಿಂದ. ಬೆನ್ನಿನ ದಾರದ ತುದಿಗೆ ಕಟ್ಟುವ ಲಟ್ಕನ್, ಬಟ್ಟೆ ಸುತ್ತಿದ ಗುಂಡಿ, ಬಿಗಿಯಾದ ಕಂಕುಳಿಗೆ ಕೊಡುವ ಜೋಡು, ಇವಕ್ಕೂ ಚಿಂದಿಯೇ ಆಧಾರ.

ಒಬ್ಬರೇ ಕೂತು ಮಾಡುವ ಕೆಲಸ ಇದು. ನಾಲ್ಕು ಜನ ಸೇರಿದರೆ ಚಿಂದಿಗೆ ಇನ್ನೊಂದು ದಾರಿಯಿದೆ, ಅದರ ಹೆಸರು ಕೌದಿ. ಮುಂಬಯಿ ಮಗ್ಗುಲಿನ ಡೊಂಬಿವಲಿಯ ನಮ್ಮ ಕಟ್ಟಡದ ಗಚ್ಚಿಯ ಮೇಲೆ ಚಳಿಗಾಲದ ಮಧ್ಯಾಹ್ನ ಹೆಂಗಸರು ಕೌದಿ ಹೊಲಿಯಲು ಸೇರುತ್ತೇವೆ. ವಿಜಯಪುರದ ಹಿರಿಯರೊಬ್ಬರು, ಸೊಲ್ಲಾಪುರದ ಇಬ್ಬರು, ಮಂಗಳೂರು ಕಡೆಯ ನಾನು, ಬಿಹಾರದ ಒಬ್ಬ ಸೊಸೆ. ಒಂದೇ ವಸ್ತುವಿಗೆ ಗಚ್ಚಿಯ ತುಂಬ ಹೆಸರುಗಳು: ನಮಗೆ ಕೌದಿ, ಮರಾಠಿಯವರಿಗೆ ಗೋಧಡಿ ಅಥವಾ ವಾಕಳ, ಬಿಹಾರದವಳಿಗೆ ಸುಜನಿ. ಅಡಿಯಲ್ಲಿ ಮೆತ್ತಗಾದ ಹಳೇ ಹತ್ತಿ ಸೀರೆ, ನಡುವೆ ಚೂರುಪಾರು, ಮೇಲೆ ಬಣ್ಣ ನೋಡಿ ಜೋಡಿಸಿದ ತುಂಡುಗಳು. ಅಂಚಿನಿಂದ ಶುರುಮಾಡಿ ಬೆರಳಗಲ ಬಿಟ್ಟು ಬಿಟ್ಟು ಸಾಲು ಹೊಲಿಗೆ ಒಳಗೊಳಗೆ ಬರುತ್ತದೆ. ಈ ಹೊಲಿಗೆಗೆ ಮರಾಠಿಯಲ್ಲಿ ಧಾವದೋರಾ ಎನ್ನುತ್ತಾರೆ. ಪದರಗಳು ಒಗೆತದಲ್ಲಿ ಜಾರಿ ಮುದ್ದೆಯಾಗದಂತೆ ಹಿಡಿದಿಡುವುದೂ ಅದೇ, ಮೇಲೆ ಚಿತ್ತಾರ ಬಿಡಿಸುವುದೂ ಅದೇ.

ಒಮ್ಮೆ ನಾನು ಹೊಸ ಚೂಡಿದಾರದ ಚೂರುಗಳನ್ನು ತಂದು ಹರವಿದಾಗ ವಿಜಯಪುರದ ಹಿರಿಯರು ಕೈ ತಡೆದರು. “ಹೊಸಾ ಅರಿವಿ ತೊಳೀದ ಹಾಕಬ್ಯಾಡ ತಂಗಿ. ಹಳೀದು ಮೊದಲ ಕುಗ್ಗಿ ಕೂತೈತಿ, ಹೊಸದು ನಾಳೆ ಕುಗ್ಗತೈತಿ. ಎರಡೂ ಕೂಡಿ ಕೌದಿ ಮುದಡತೈತಿ ನೋಡು.” ಎಷ್ಟೋ ಹೊಲಿಗೆ ತರಗತಿಗಳ ಪಾಠ ಎರಡು ಮಾತಿನಲ್ಲಿ ಸಿಕ್ಕಿತು. ನೈಲಾನ್ ಬೆವರು ಹೀರುವುದಿಲ್ಲ, ರೇಷ್ಮೆ ಜಾರುತ್ತದೆ, ಹತ್ತಿಯ ಜೊತೆ ಹತ್ತಿಯೇ ಹೊಂದುತ್ತದೆ ಎಂಬುದೂ ಆ ಗಚ್ಚಿಯಲ್ಲೇ ಕಲಿತದ್ದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗಳಲ್ಲಿ ಮೂಲೆಗಳಿಗೆ ಚೂರುಗಳನ್ನು ಮಡಚಿ ಕೂರಿಸಿದ ‘ಫೂಲ’ ಇರಲೇಬೇಕು, ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ. ಆ ಕೌದಿಗಳು ಇವತ್ತು ದೂರದ ದೇಶಗಳ ಪ್ರದರ್ಶನಗಳಿಗೂ ಹೋಗುತ್ತವೆ. ಹೊಲಿದವರು ಬಳಸಿದ್ದು ಮನೆಮಂದಿ ಉಟ್ಟು ಸವೆಸಿದ ಬಟ್ಟೆಯನ್ನೇ.

ಮರಾಠಿ ಮನೆಗಳಲ್ಲಿ ಚಿಂಧಿ ಎಂದೊಡನೆ ದ್ರೌಪದಿ ನೆನಪಾಗುತ್ತಾಳೆ. ಕೃಷ್ಣನ ಬೆರಳು ಕೊಯ್ದು ರಕ್ತ ಸುರಿಯುತ್ತಿದೆ. ಕಟ್ಟಲು ಒಂದು ಚೂರು ಬಟ್ಟೆ ಬೇಕು. ತಂಗಿ ಸುಭದ್ರೆ ಬೆಲೆಬಾಳುವ ಸೀರೆ ಹರಿಯಲು ಮನಸ್ಸಾಗದೆ ಹಳೇ ಬಟ್ಟೆ ಹುಡುಕುತ್ತಾಳೆ. ದ್ರೌಪದಿ ಉಟ್ಟ ಪೀತಾಂಬರವನ್ನೇ ಹರಿದು ಕಟ್ಟುತ್ತಾಳೆ. ಮುಂದೆ ತುಂಬಿದ ಸಭೆಯಲ್ಲಿ ಆ ಒಂದು ಚೂರೇ ಮುಗಿಯದ ಸೀರೆಯಾಗಿ ಬಂತು ಎನ್ನುತ್ತದೆ ಜನಪದ. ಆಚಾರ್ಯ ಅತ್ರೆಯವರು 1953ರಲ್ಲಿ ತೆಗೆದ ‘ಶ್ಯಾಮಚೀ ಆಯಿ’ ಚಿತ್ರದ ಹಾಡೊಂದರಿಂದ ಈ ಕಥೆ ಮಹಾರಾಷ್ಟ್ರದ ಮನೆಮಾತಾಯಿತು. ಕನ್ನಡಿಗರು ಅಕ್ಷಯವಸ್ತ್ರವನ್ನು ಬಲ್ಲೆವು. ಅದರ ಮೊದಲ ಎಳೆ ಚಿಂದಿಯಲ್ಲಿತ್ತು ಎಂಬ ಮಾತನ್ನು ನಾನು ಕೇಳಿದ್ದು ಮುಂಬಯಿಗೆ ಬಂದ ಮೇಲೆ.

ಈ ಪದ ಮನುಷ್ಯರ ಹೆಸರಾಗಿ ಬಿದ್ದದ್ದೂ ಇದೇ ಮಹಾರಾಷ್ಟ್ರದಲ್ಲಿ. ವರ್ಧಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಬೇಡದ ಹೆಣ್ಣಾಗಿ ಹುಟ್ಟಿದ ಕೂಸನ್ನು ಮನೆಯವರು ‘ಚಿಂಧಿ’ ಎಂದೇ ಕರೆದರು. ಹರಕು ಬಟ್ಟೆ ಎಂದು ಕರೆಸಿಕೊಂಡ ಆ ಹುಡುಗಿ ಮುಂದೆ ಸಿಂಧುತಾಯಿ ಸಪಕಾಳ್ ಆದರು. ಗಂಡನ ಮನೆಯಿಂದ ಹೊರದೂಡಿಸಿಕೊಂಡು, ರೈಲಿನಲ್ಲಿ ಹಾಡಿ ಬೇಡಿ ತಿಂದು, ತಮ್ಮ ಹಾಗೇ ಬೀದಿಗೆ ಬಿದ್ದ ನೂರಾರು ಮಕ್ಕಳನ್ನು ಮಡಿಲಿಗೆ ಹಾಕಿಕೊಂಡರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2022ರ ಜನವರಿ 4ರಂದು ತೀರಿಕೊಂಡರು. ಅವರು ಚಿಂದಿ ಎಂಬ ಹೆಸರಿಗೆ ಕೊಟ್ಟ ಗೌರವವನ್ನು ಯಾವ ನಿಘಂಟೂ ಕೊಟ್ಟಿಲ್ಲ.

ಕನ್ನಡದ ಹುಡುಗರ ‘ಚಿಂದಿ’ ಬೇರೆ ದಾರಿಯಲ್ಲಿ ಮೇಲೆ ಬಂದದ್ದು. ‘ಚಿಂದಿ ಉಡಾಯಿಸು’ ಎಂದರೆ ಎದುರಾಳಿಯನ್ನು ಹರಿದು ಚೆಲ್ಲಾಡು ಎಂದು. ಅದರಿಂದ ಉಡಾಯಿಸಿದವನ ಆಟವೂ ಚಿಂದಿ, ಆಮೇಲೆ ಚೆನ್ನಾಗಿರುವುದೆಲ್ಲವೂ ಚಿಂದಿ ಆಗಿರಬೇಕು. ಪದ ಮೇಲೇರಿದ್ದು ನನಗೆ ಸಂತೋಷವೇ. ಆದರೆ ಆ ಹೊಗಳಿಕೆ ಹರಿಯುವವನ ಪಾಲಾಗಿದೆ. ಹರಿದದ್ದನ್ನು ಕೂಡಿಸುವವರಿಗೂ ಅದು ಸಲ್ಲಬೇಕು. ಚೆನ್ನಾಗಿ ಹೊಲಿದ ಕೌದಿ ಕಂಡಾಗ ನಾನು ಈಗ ಬಾಯಿ ತುಂಬ ‘ಚಿಂದಿ’ ಅನ್ನುತ್ತೇನೆ.

ಹೊಲಿಗೆ ಕಲಿಯುವ ಆಸೆಯಿದ್ದೂ ಕೈ ಹಾಕದವರು ಬಹಳ ಮಂದಿ. ಮಂಗಳದಾಸ್ ಮಾರ್ಕೆಟ್ಟಿನಿಂದ ತಂದ ಒಳ್ಳೆಯ ಬಟ್ಟೆಗೆ ಕತ್ತರಿ ಹಾಕಲು ಯಾರಿಗಾದರೂ ಕೈ ನಡುಗುತ್ತದೆ. ಚೂರು ಬಟ್ಟೆಯಲ್ಲಿ ಆ ಭಯವಿಲ್ಲ. ಎರಡು ಚೂರು ತೆಗೆದುಕೊಂಡು ಮುಖಕ್ಕೆ ಮುಖ ಕೂಡಿಸಿ, ಅಂಚಿನಿಂದ ಅರ್ಧ ಇಂಚು ಬಿಟ್ಟು ಸಾಲು ಹೊಲಿಗೆ ಹಾಕಿ, ಬಿಡಿಸಿ ಇಸ್ತ್ರಿ ಮಾಡಿ. ಮರುದಿನ ಮೂರನೆಯದನ್ನು ಸೇರಿಸಿ. ಕ್ರಾಸ್ ಪಟ್ಟಿ ತೆಗೆದು ಒಂದು ಅಂಚಿಗೆ ಕೂರಿಸಿ ನೋಡಿ. ಕೆಟ್ಟರೆ ಬಿಚ್ಚಿ ಮತ್ತೆ ಹೊಲಿಯಬಹುದು. ಹೀಗೆ ಕೂಡಿಸುತ್ತ ಹೋದರೆ ಮೊದಲು ಒಂದು ಕೈಚೀಲ, ಆಮೇಲೆ ದಿಂಬಿನ ಚೀಲ, ಒಂದು ದಿನ ಕೂಸಿಗೆ ಹೊದಿಸುವಷ್ಟು ಪುಟ್ಟ ಕೌದಿಯೂ ಆಗುತ್ತದೆ. ಇದಕ್ಕೆ ಬಟ್ಟೆ ಕೊಳ್ಳಲು ಎಲ್ಲಿಗೂ ಹೋಗಬೇಕಿಲ್ಲ. ಮುಂದಿನ ಸಲ ರವಿಕೆ ಹೊಲಿಸಿದಾಗ ಉಳಿದ ಚೂರುಗಳನ್ನೂ ದರ್ಜಿಯಿಂದ ಕೇಳಿ ತನ್ನಿ. ಕೇಳಲು ಸಂಕೋಚ ಬೇಡ, ಅವೂ ನೀವು ದುಡ್ಡು ಕೊಟ್ಟು ಕೊಂಡ ಬಟ್ಟೆಯೇ.