ಮರುಭೂಮಿಯಲ್ಲಿ ಚಳಿಗಾಲ: ನಿವೃತ್ತರ ಆರ್‌ವಿ ಪ್ರವಾಸದ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು?

ನಿವೃತ್ತ ದಂಪತಿಯೊಂದು ಮನೆಗೆ ಬೀಗ ಹಾಕಿ, ಮನೆಯಂಥದೇ ಗಾಡಿಯಲ್ಲಿ ಹೊರಟು, ಇಡೀ ಚಳಿಗಾಲವನ್ನು ಅಮೆರಿಕದ ಮರುಭೂಮಿಯಲ್ಲಿ ನಡೆದಾಡುತ್ತಾ ಕಳೆಯುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಇದು ಕಟ್ಟುಕಥೆಯಲ್ಲ. ಕೆನಡಾ ಮತ್ತು ಅಮೆರಿಕದ ಉತ್ತರ ರಾಜ್ಯಗಳಲ್ಲಿ ಹಿಮ ಬೀಳುವ ಹೊತ್ತಿಗೆ ಸಾವಿರಾರು ಹಿರಿಯರು ಆರಿಜೋನಾ, ದಕ್ಷಿಣ ಕ್ಯಾಲಿಫೋರ್ನಿಯಾದ ಕಡೆ ಹೊರಡುತ್ತಾರೆ. ಅವರನ್ನು ಅಲ್ಲಿ ‘ಸ್ನೋಬರ್ಡ್ಸ್’, ಅಂದರೆ ಹಿಮದ ಹಕ್ಕಿಗಳು ಎಂದೇ ಕರೆಯುತ್ತಾರೆ. ಹಾಸಿಗೆ, ಒಲೆ, ಶೌಚಾಲಯ ಎಲ್ಲವೂ ಇರುವ ಅವರ ಗಾಡಿಯೇ ಆರ್‌ವಿ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ಅಪ್ಪ-ಅಮ್ಮಂದಿರೂ ಇಂಥ ಪ್ರವಾಸಕ್ಕೆ ಹೊರಡುವುದುಂಟು. ಆದ್ದರಿಂದ ಈ ಬಗ್ಗೆ ಕೇಳಿಬರುವ ಆರು ಮಾತುಗಳನ್ನು ನಾವು ಇಲ್ಲಿ ಪರಿಶೀಲಿಸಿದ್ದೇವೆ.

1. “ಮರುಭೂಮಿಯಲ್ಲಿ ಎಷ್ಟು ದಿನ ಬೇಕಾದರೂ ಬಿಟ್ಟಿಯಾಗಿ ಇರಬಹುದು”

ಅರ್ಧ ಸತ್ಯ. ಅಲ್ಲಿನ ಬಹಳಷ್ಟು ಮರುಭೂಮಿ ಕೇಂದ್ರ ಸರ್ಕಾರದ ‘ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್’ ಕೈಯಲ್ಲಿದೆ. ಈ ಜಾಗಗಳಲ್ಲಿ ಸಾಮಾನ್ಯವಾಗಿ 14 ದಿನ ಹಣ ಕೊಡದೆ ತಂಗಬಹುದು, ಆಮೇಲೆ ಜಾಗ ಬದಲಿಸಬೇಕು. ಇಡೀ ಚಳಿಗಾಲ ಒಂದೇ ಕಡೆ ಇರಬೇಕೆಂದರೆ 1983ರಿಂದ ಬೇರೆ ವ್ಯವಸ್ಥೆ ಇದೆ. ಆರಿಜೋನಾದ ಕ್ವಾರ್ಟ್‌ಸೈಟ್ ಊರಿನ ಬಳಿ ಇರುವಂಥ ದೀರ್ಘಾವಧಿ ತಾಣಗಳಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಶುಲ್ಕ ಕಟ್ಟಿ, ಪರವಾನಗಿ ಪಡೆದು ಇರಬಹುದು. ಇದರ ಮೇಲೆ ಡೀಸೆಲ್, ಗ್ಯಾಸ್, ನೀರು, ವಿಮೆಯ ಖರ್ಚು ಇದ್ದೇ ಇರುತ್ತದೆ. 62 ದಾಟಿದವರಿಗೆ ಸಿಗುವ ರಾಷ್ಟ್ರೀಯ ಉದ್ಯಾನಗಳ ಅಗ್ಗದ ಸೀನಿಯರ್ ಪಾಸ್ ಅಮೆರಿಕದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ವಿಸಿಟರ್ ವೀಸಾದಲ್ಲಿ ಹೋದವರಿಗೆ ಅದು ಸಿಗುವುದಿಲ್ಲ.

2. “ಮರುಭೂಮಿ ಅಂದಮೇಲೆ ಚಳಿಗಾಲದಲ್ಲೂ ಬೆಚ್ಚಗಿರುತ್ತದೆ”

ತಪ್ಪು. ಡೆತ್ ವ್ಯಾಲಿಯಲ್ಲಿ 1913ರ ಜುಲೈನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅದೇ ಜಾಗದಲ್ಲಿ ಜನವರಿಯ ರಾತ್ರಿ ಉಷ್ಣಾಂಶ 4-5 ಡಿಗ್ರಿಗೆ ಇಳಿಯುತ್ತದೆ. ಇನ್ನೂ ಎತ್ತರದಲ್ಲಿರುವ ಜಾಶುವಾ ಟ್ರೀ ಉದ್ಯಾನದಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಗಾಳಿಯಲ್ಲಿ ತೇವವಿಲ್ಲ, ಮೇಲೆ ಮೋಡವಿಲ್ಲ. ಹಾಗಾಗಿ ಹಗಲು ಕಾದ ನೆಲದ ಶಾಖ ಸಂಜೆಯಾಗುತ್ತಲೇ ಆಕಾಶಕ್ಕೆ ಹೋಗಿಬಿಡುತ್ತದೆ.

ದೊಡ್ಡ ಅಪಾಯ ಇರುವುದು ಈ ಚಳಿ ತಡೆಯಲು ಮಾಡುವ ಉಪಾಯದಲ್ಲಿ. ಕಿಟಕಿ ಮುಚ್ಚಿ ಗ್ಯಾಸ್ ಒಲೆ ಉರಿಸಿ ಗಾಡಿ ಬೆಚ್ಚಗೆ ಮಾಡಿದರೆ, ಅಥವಾ ಹತ್ತಿರದಲ್ಲೇ ಜನರೇಟರ್ ಓಡಿಸಿದರೆ ಒಳಗೆ ಕಾರ್ಬನ್ ಮಾನಾಕ್ಸೈಡ್ ತುಂಬಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗಬಹುದು. ಗಾಡಿ ಬಾಡಿಗೆಗೆ ಪಡೆಯುವಾಗಲೇ ಅದರ ಅಲಾರಂ ಬಟನ್ ಒತ್ತಿ ಪರೀಕ್ಷಿಸಿ.

3. “ತಂಪು ಹವೆಯಲ್ಲಿ ಬಾಯಾರಿದಾಗ ಕುಡಿದರೆ ಸಾಕು”

ಹಿರಿಯರ ಮಟ್ಟಿಗೆ ಈ ಮಾತು ಅಪಾಯಕಾರಿ. ಒಣ ಗಾಳಿಯಲ್ಲಿ ಬೆವರು ಬಂದ ಕ್ಷಣವೇ ಆರಿಹೋಗುವುದರಿಂದ ಮೈ ಒದ್ದೆಯಾಗುವುದಿಲ್ಲ. ನೀರು ಕಳೆದುಕೊಳ್ಳುತ್ತಿದ್ದೇವೆಂದು ಗೊತ್ತೂ ಆಗುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ, ಚಳಿ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ಮರುಭೂಮಿ ಉದ್ಯಾನಗಳು ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರು ಜೊತೆಗಿಟ್ಟುಕೊಳ್ಳಲು ಹೇಳುತ್ತವೆ. ಆದರೆ ಅಷ್ಟನ್ನೂ ಒಮ್ಮೆಲೇ ಕುಡಿಯಬಾರದು. ಉಪ್ಪಿನಂಶವಿಲ್ಲದೆ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಎಷ್ಟು ಕುಡಿಯಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು.

4. “ನೀರು ಮುಗಿದರೆ ಕಳ್ಳಿ ಕತ್ತರಿಸಿ ಕುಡಿಯಬಹುದು”

ಸಿನಿಮಾದಲ್ಲಿ ಮಾತ್ರ. ಕಳ್ಳಿಯೊಳಗೆ ಶುದ್ಧ ನೀರು ಇರುವುದಿಲ್ಲ, ಲೋಳೆಯಂಥ ತಿರುಳಿರುತ್ತದೆ. ಹಲವು ಜಾತಿಗಳ ರಸದಲ್ಲಿ ಆಮ್ಲ ಮತ್ತು ಆಲ್ಕಲಾಯ್ಡ್‌ಗಳಿದ್ದು ವಾಂತಿ, ಭೇದಿ ಆಗಬಹುದು. ಆಗ ಮೈಯಲ್ಲಿದ್ದ ನೀರೂ ಹೋಗುತ್ತದೆ. ರಾಷ್ಟ್ರೀಯ ಉದ್ಯಾನದಲ್ಲಿ ಗಿಡ ಕಡಿಯುವುದು ಕಾನೂನುಬಾಹಿರ ಕೂಡ.

5. “ಒಣ ಹವೆಗೆ ಎದೆರೋಗ ವಾಸಿಯಾಗುತ್ತದೆ”

ಹಳೆಯ ನಂಬಿಕೆ. ಔಷಧಿ ಇಲ್ಲದ ಕಾಲದಲ್ಲಿ ಕ್ಷಯರೋಗಿಗಳು ಆರಿಜೋನಾಕ್ಕೆ ಹೋಗುತ್ತಿದ್ದದ್ದು ನಿಜ. ಆದರೆ ಹವೆಯೊಂದೇ ಕ್ಷಯವನ್ನು ಗುಣಪಡಿಸುವುದಿಲ್ಲ, ಅದಕ್ಕೆ ಔಷಧಿಯೇ ಬೇಕು. ಅದಕ್ಕಿಂತ ಮುಖ್ಯವಾಗಿ, ಆ ಮಣ್ಣಿನಲ್ಲೇ ಶ್ವಾಸಕೋಶಕ್ಕೆ ಸೋಂಕು ತರುವ ಒಂದು ಶಿಲೀಂಧ್ರ ಇದೆ. ಅದು ದೂಳಿನ ಜೊತೆ ಉಸಿರಿಗೆ ಸೇರಿದರೆ ‘ವ್ಯಾಲಿ ಫೀವರ್’ ಬರಬಹುದು. ಅಮೆರಿಕದಲ್ಲಿ ವರದಿಯಾಗುವ ಇದರ ಪ್ರಕರಣಗಳಲ್ಲಿ ಬಹುಪಾಲು ಆರಿಜೋನಾ ಮತ್ತು ಕ್ಯಾಲಿಫೋರ್ನಿಯಾದವು.

ಸೋಂಕು ತಗುಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಲಕ್ಷಣವೇ ಇರುವುದಿಲ್ಲ. ಉಳಿದವರಿಗೆ 1ರಿಂದ 3 ವಾರಗಳಲ್ಲಿ ಕೆಮ್ಮು, ಜ್ವರ, ವಿಪರೀತ ಸುಸ್ತು ಕಾಣಿಸುತ್ತದೆ. ಹಿರಿಯರು ಮತ್ತು ಮಧುಮೇಹಿಗಳಲ್ಲಿ ಇದು ತೀವ್ರವಾಗುವ ಸಾಧ್ಯತೆ ಹೆಚ್ಚು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಲಕ್ಷಣ ಕಾಣುವ ಹೊತ್ತಿಗೆ ಪ್ರವಾಸ ಮುಗಿಸಿ ಊರಿಗೆ ಬಂದಿರಬಹುದು. ಇಲ್ಲಿನ ವೈದ್ಯರಿಗೆ ಅದು ನ್ಯುಮೋನಿಯಾ ಅಥವಾ ಕ್ಷಯದಂತೆ ಕಾಣಬಹುದು. ಆದ್ದರಿಂದ “ಇತ್ತೀಚೆಗೆ ಆರಿಜೋನಾ ಮರುಭೂಮಿಗೆ ಹೋಗಿದ್ದೆ” ಎಂದು ನೀವಾಗಿಯೇ ಹೇಳಿ.

6. “ದಾರಿ ತಪ್ಪಿದರೆ ಫೋನ್ ಇದೆಯಲ್ಲ”

ನೆಚ್ಚಿಕೊಳ್ಳಬೇಡಿ. ಡೆತ್ ವ್ಯಾಲಿಯ ಹೆಚ್ಚಿನ ಕಡೆ ಸಿಗ್ನಲ್ ಇಲ್ಲ. ಮ್ಯಾಪ್ ಆ್ಯಪ್ ತೋರಿಸುವ ದಾರಿಯನ್ನೇ ನಂಬಬೇಡಿ ಎಂದು ಉದ್ಯಾನದ ಸಿಬ್ಬಂದಿಯೇ ಎಚ್ಚರಿಸುತ್ತಾರೆ. ಕಾಗದದ ನಕ್ಷೆ ಇರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಒಬ್ಬರಿಗಾದರೂ ತಿಳಿಸಿ. ಗಾಡಿ ಕೆಟ್ಟು ನಿಂತರೆ ಅದನ್ನು ಬಿಟ್ಟು ನಡೆಯಬೇಡಿ, ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ.

ಒಟ್ಟಿನಲ್ಲಿ

ಈ ಪ್ರವಾಸ ಹಿರಿಯರಿಗೆ ಆಗದ್ದೇನಲ್ಲ. ಅಲ್ಲಿ ಮೈಲಿಗಟ್ಟಲೆ ನಡೆಯಲು ಚಳಿಗಾಲವೇ ಸರಿಯಾದ ಕಾಲ. ಬೇಸಿಗೆಯ ಬಿಸಿಲು ಅಪಾಯವನ್ನು ತಾನೇ ಸಾರುತ್ತದೆ. ಚಳಿಗಾಲದ ಅಪಾಯಗಳು ಮಾತ್ರ ಮೈಗೆ ತಿಳಿಯದಂತೆ ಬರುತ್ತವೆ. ನಿಮ್ಮ ಮನೆಯಿಂದ ಯಾರಾದರೂ ಹೊರಟಿದ್ದರೆ ವಿಡಿಯೊ ಜೊತೆ ಇಷ್ಟನ್ನೂ ಕಳುಹಿಸಿ: ಗಾಡಿಯ ಗ್ಯಾಸ್ ಅಲಾರಂ ಪರೀಕ್ಷಿಸಿ, ತಲೆಗೆ 4 ಲೀಟರ್ ನೀರಿನ ಜೊತೆ ಉಪ್ಪಿನ ತಿಂಡಿ ಇಟ್ಟುಕೊಳ್ಳಿ, ಮೊದಲೇ ಇರುವ ಕಾಯಿಲೆಗಳಿಗೆ ಪ್ರಯಾಣ ವಿಮೆ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ, ಬಂದ ಮೇಲೆ ಕೆಮ್ಮು ಬಿಡದಿದ್ದರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ತಿಳಿಸಿ.