ಇಲಿಯ ಗರ್ಭ, ಮನುಷ್ಯರ ಜರಾಯು: ಸೈಟೊಕೈನ್‌ಗಳ ಕುರಿತು ಒಂದು ಟಿಪ್ಪಣಿ

ಗರ್ಭಾವಸ್ಥೆಯಲ್ಲಿ ಸೈಟೊಕೈನ್‌ಗಳ (ಕೋಶಗಳು ಪರಸ್ಪರ ಸಂಕೇತ ಕಳಿಸಲು ಸ್ರವಿಸುವ ಪ್ರೋಟೀನ್‌ಗಳ) ಪಾತ್ರವನ್ನು ವಿವರಿಸಲು ಬಹುಕಾಲ ಒಂದು ಸರಳ ವಿಂಗಡಣೆ ಬಳಕೆಯಲ್ಲಿತ್ತು. 1993ರಲ್ಲಿ ವೆಗ್ಮನ್ ಮತ್ತು ಸಂಗಡಿಗರು ಮುಂದಿಟ್ಟ ವಾದದ ಪ್ರಕಾರ ಬಸಿರಿನಲ್ಲಿ ಸಹಾಯಕ ಟಿ ಕೋಶಗಳ ಟಿಎಚ್2 ಬಗೆಯ ಸೈಟೊಕೈನ್‌ಗಳ ಕೈ ಮೇಲಾಗಿರುತ್ತದೆ. ಟಿಎಚ್1 ಬಗೆಯವು ಮೇಲುಗೈ ಪಡೆದರೆ ಭ್ರೂಣಕ್ಕೆ ಅಪಾಯ. ಈ ವಾದಕ್ಕೆ ಹೆಚ್ಚಿನ ಆಧಾರ ಒದಗಿಸಿದ್ದು ಇಲಿ. ಮನುಷ್ಯರ ಜರಾಯುವಿಗೆ ಆ ವಾದ ಎಷ್ಟು ಹೊಂದುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಎಲ್‌ಐಎಫ್ ಎಂಬ ಸೈಟೊಕೈನನ್ನು ನೋಡೋಣ. ಕೋಶದ ಮೇಲಿನ ಜಿಪಿ130 ಗ್ರಾಹಕದ ಮೂಲಕ ಅದು ಒಳಗಿನ ಸ್ಟಾಟ್3 ಪ್ರೋಟೀನನ್ನು ಚುರುಕುಗೊಳಿಸುತ್ತದೆ. ಎಲ್‌ಐಎಫ್ ಜೀನ್ ಇಲ್ಲದ ಹೆಣ್ಣಿಲಿಗಳಲ್ಲಿ ಭ್ರೂಣ ರೂಪುಗೊಂಡರೂ ಗರ್ಭಕೋಶದಲ್ಲಿ ನಾಟುವುದಿಲ್ಲ, ಅವೇ ಭ್ರೂಣಗಳನ್ನು ಸಾಮಾನ್ಯ ಇಲಿಗೆ ವರ್ಗಾಯಿಸಿದರೆ ನಾಟುತ್ತವೆ ಎಂದು 1992ರಲ್ಲಿ ಸ್ಟೀವರ್ಟ್ ತಂಡ ತೋರಿಸಿತು. ಕೊರತೆ ತಾಯಿಯ ಕಡೆಯದು. ಮಹಿಳೆಯರಲ್ಲೂ ಭ್ರೂಣ ನಾಟುವ ಹೊತ್ತಿಗೆ ಗರ್ಭಕೋಶದ ಒಳಪೊರೆಯಲ್ಲಿ ಎಲ್‌ಐಎಫ್ ಏರುತ್ತದೆ. ಹಾಗಾದರೆ ಅದನ್ನೇ ಮದ್ದಾಗಿ ಕೊಡಬಾರದೇಕೆ? ಕೊಟ್ಟು ನೋಡಿದ್ದಾಯಿತು. ಐವಿಎಫ್‌ನಲ್ಲಿ ಮತ್ತೆ ಮತ್ತೆ ಭ್ರೂಣ ನಾಟದೆ ಹೋದ ಮಹಿಳೆಯರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗರ್ಭ ನಿಲ್ಲುವ ಪ್ರಮಾಣ ಸುಧಾರಿಸಲಿಲ್ಲ.

ಇದಕ್ಕಿಂತ ಕುತೂಹಲದ್ದು ಗರ್ಭಕೋಶದ ಎನ್‌ಕೆ ಕೋಶಗಳ ಸಂಗತಿ. ಮೊದಲ ತ್ರೈಮಾಸಿಕದಲ್ಲಿ ಡೆಸಿಡುವಾದ (ಬಸಿರಿನಲ್ಲಿ ಮಾರ್ಪಟ್ಟ ಗರ್ಭಕೋಶದ ಒಳಪೊರೆಯ) ಬಿಳಿ ರಕ್ತಕಣಗಳಲ್ಲಿ ಸುಮಾರು 70% ಇವೇ. ಹೆಸರಿಗೆ ಕೊಲೆಗಾರ ಕೋಶಗಳು; ಜರಾಯುವಿನ ಕೋಶಗಳಾದ ಟ್ರೋಫೋಬ್ಲಾಸ್ಟನ್ನು ಮಾತ್ರ ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಗರ್ಭಕೋಶದೊಳಕ್ಕೆ ನುಗ್ಗುವ ಟ್ರೋಫೋಬ್ಲಾಸ್ಟ್ ಎಚ್‌ಎಲ್‌ಎ-ಎ, ಬಿ ಗುರುತುಗಳನ್ನು ತೋರಿಸದೆ ಸಿ, ಇ, ಜಿ ಗುರುತುಗಳನ್ನು ಹೊತ್ತಿರುತ್ತದೆ. ತಾಯಿಯ ಎನ್‌ಕೆ ಕೋಶದ ಕೆಐಆರ್ ಗ್ರಾಹಕಗಳು ಗುರುತಿಸುವುದು ಈ ಸಿಯನ್ನು. ತಾಯಿ ಕೆಐಆರ್ ಎಎ ಬಗೆಯವಳಾಗಿ ಭ್ರೂಣದಲ್ಲಿ ಸಿ ಗುರುತಿನ ಸಿ2 ಬಗೆ ಇದ್ದರೆ ಪ್ರಿ-ಎಕ್ಲಾಂಪ್ಸಿಯಾದ (ಬಸಿರಿನಲ್ಲಿ ರಕ್ತದೊತ್ತಡ ಏರುವ ತೊಂದರೆಯ) ಸಂಭವ ಹೆಚ್ಚು ಎಂದು ಹಿಬಿ, ಮಾಫೆಟ್ ಮತ್ತಿತರರು 2004ರಲ್ಲಿ ವರದಿ ಮಾಡಿದರು. ಆ ಜೋಡಿಯಲ್ಲಿ ಎನ್‌ಕೆ ಕೋಶಕ್ಕೆ ಬಲವಾದ ತಡೆ ಬೀಳುತ್ತದೆ. ಇದಕ್ಕೆ ವಿರುದ್ಧವಾಗಿ, ಸಿ2ಗೆ ಸ್ಪಂದಿಸುವ ಉತ್ತೇಜಕ ಗ್ರಾಹಕ ಕೆಐಆರ್2ಡಿಎಸ್1 ಇದ್ದರೆ ಕೋಶ ಜಿಎಂ-ಸಿಎಸ್‌ಎಫ್ ಸ್ರವಿಸುತ್ತದೆ, ಟ್ರೋಫೋಬ್ಲಾಸ್ಟ್‌ನ ಚಲನೆ ಹೆಚ್ಚುತ್ತದೆ. 2013ರ ಈ ಫಲಿತಾಂಶವನ್ನು ನಾನು ಬಹಳ ಮುಖ್ಯವೆಂದು ಪರಿಗಣಿಸುತ್ತೇನೆ: ತಾಯಿಯ ರೋಗನಿರೋಧಕ ಕೋಶ ಸುಮ್ಮನಿದ್ದರೆ ಸಾಲದು, ಅದು ಕೆಲಸ ಮಾಡಬೇಕು.

ಇಂಟರ್‌ಫೆರಾನ್-ಗಾಮಾದ ವಿಷಯದಲ್ಲೂ ಇಲಿ ಮತ್ತು ಮನುಷ್ಯರ ದಾರಿ ಬೇರೆ. ಇಲಿಯಲ್ಲಿ ಎನ್‌ಕೆ ಕೋಶಗಳು ಸ್ರವಿಸುವ ಈ ಸೈಟೊಕೈನ್ ಗರ್ಭಕೋಶದ ಸುರುಳಿ ಅಪಧಮನಿಗಳನ್ನು ಅಗಲಿಸಲು ಬೇಕು. ಮಾನವ ಟ್ರೋಫೋಬ್ಲಾಸ್ಟ್‌ಗೆ ಪ್ರಯೋಗಾಲಯದಲ್ಲಿ ಅದನ್ನೇ ಕೊಟ್ಟಾಗ ನುಗ್ಗುವಿಕೆ ಕುಗ್ಗಿತು. ಇಲಿಯಲ್ಲಿ ಟ್ರೋಫೋಬ್ಲಾಸ್ಟ್ ಆಳಕ್ಕೆ ಹೋಗುವುದೇ ಇಲ್ಲ. ಮನುಷ್ಯರಲ್ಲಿ ಅದು ಗರ್ಭಕೋಶದ ಸ್ನಾಯುಪದರದ ಒಳ ಮೂರನೇ ಒಂದು ಭಾಗವನ್ನು ಮುಟ್ಟುತ್ತದೆ.

2018ರಿಂದೀಚೆಗೆ ಮಾನವ ಟ್ರೋಫೋಬ್ಲಾಸ್ಟ್ ಆರ್ಗನಾಯ್ಡ್‌ಗಳು (ಪ್ರಯೋಗಾಲಯದಲ್ಲಿ ಬೆಳೆಸಿದ ಮೂರು ಆಯಾಮದ ಕೋಶಗುಚ್ಛಗಳು) ಲಭ್ಯವಿರುವುದರಿಂದ ಇಂಥ ಪ್ರಶ್ನೆಗಳನ್ನು ಮಾನವ ಕೋಶಗಳಲ್ಲೇ ಕೇಳಬಹುದು. ಎನ್‌ಕೆ ಕೋಶಗಳ ಸೈಟೊಕೈನ್‌ಗಳನ್ನು ಅವುಗಳಿಗೆ ಬೆರೆಸಿದಾಗ ಟ್ರೋಫೋಬ್ಲಾಸ್ಟ್ ಪಕ್ವತೆಯ ಕೊನೆಯ ಹಂತಗಳು ಪ್ರಭಾವಿತವಾದದ್ದು 2024ರ ಅಧ್ಯಯನದಲ್ಲಿ ಕಂಡಿದೆ. ಆದರೆ ಆರ್ಗನಾಯ್ಡ್‌ನಲ್ಲಿ ತಾಯಿಯ ರಕ್ತಪ್ರವಾಹವಿಲ್ಲ, ಸುರುಳಿ ಅಪಧಮನಿಯಿಲ್ಲ. ಅಪಧಮನಿ ಹೇಗೆ ಅಗಲವಾಗುತ್ತದೆಂಬುದರ ಬಗ್ಗೆ ಅದರಿಂದ ತೀರ್ಪು ಪಡೆಯುವಂತಿಲ್ಲ.