ವಿಮಾನದ ಲಾಗ್ ಬುಕ್ಕಿನಲ್ಲಿ ಅಧಿಪತ್ಯದ ಘಂಟೆಗಳು

'ಲಾಗ್' ಎಂಬ ಇಂಗ್ಲಿಷ್ ಶಬ್ದದ ಮೂಲಾರ್ಥ ಮರದ ದಿಮ್ಮಿಯೆಂದು. ಹಾಯಿಹಡಗುಗಳ ಕಾಲದಲ್ಲಿ ಗಂಟುಗಳನ್ನು ಹಾಕಿದ ಹಗ್ಗದ ತುದಿಗೆ ಮರದ ತುಂಡೊಂದನ್ನು ಕಟ್ಟಿ ನೀರಿಗೆ ಬಿಟ್ಟು, ನಿಯತವಾದ ಕಾಲದಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದವೆಂಬುದನ್ನೆಣಿಸಿ ಹಡಗಿನ ವೇಗವನ್ನು ನಿರ್ಣಯಿಸುತ್ತಿದ್ದರು. ಆ ಎಣಿಕೆಯನ್ನು ಬರೆದಿಡುವ ಪುಸ್ತಕಕ್ಕೆ ಲಾಗ್ ಬುಕ್ಕೆಂಬ ಹೆಸರಾಯಿತು. ವಿಮಾನಯಾನವು ಹುಟ್ಟಿದಾಗ ನಾವಿಕರ ಈ ಪುಸ್ತಕವೂ ಅವರ 'ನಾಟ್' ಎಂಬ ಮಾನವೂ 'ಕ್ಯಾಪ್ಟನ್' ಎಂಬ ಬಿರುದೂ ಒಟ್ಟಿಗೆ ಆಕಾಶಕ್ಕೇರಿದವು. ಹಡಗಿನಲ್ಲಿ ಚುಕ್ಕಾಣಿಯನ್ನು ಹಿಡಿಯುವವನು ಒಬ್ಬ, ಹಡಗಿಗೆ ಹೊಣೆಯಾದ ಕ್ಯಾಪ್ಟನ್ನನು ಮತ್ತೊಬ್ಬ. ಇಬ್ಬರನ್ನೂ ಒಂದೆಂದು ಯಾರೂ ಭ್ರಮಿಸಿದ್ದಿಲ್ಲ. ವಿಮಾನದ ಲಾಗ್ ಬುಕ್ಕಿನಲ್ಲಿಯಾದರೋ ಈ ಭ್ರಮೆಗೆ ಶಾಸನಬದ್ಧವಾದ ಆಸ್ಪದವೇ ದೊರೆತಿರುವುದು.

ಆದಿಯಲ್ಲಿ ವಿವಾದಕ್ಕೆ ಎಡೆಯಿರಲಿಲ್ಲ. 1903ನೆಯ ಡಿಸೆಂಬರ್ 17ರಂದು ರೈಟ್ ಸಹೋದರರ ಯಂತ್ರವು 59 ಸೆಕೆಂಡುಗಳ ಕಾಲ ಹಾರಿದಾಗ ಅದರಲ್ಲಿದ್ದವನು ಒಬ್ಬನೇ. 1927ರಲ್ಲಿ ಲಿಂಡ್‌ಬರ್ಗನು ಮೂವತ್ತಮೂರೂವರೆ ಘಂಟೆಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದಾಗಲೂ ಕೈ, ಕಣ್ಣು, ಹೊಣೆ ಮೂರೂ ಅವನವೇ. ಬೋಯಿಂಗ್ 247 (1933), ಡಗ್ಲಸ್ ಡಿಸಿ-3 (1935) ಮೊದಲಾದ ಪ್ರಯಾಣಿಕ ವಿಮಾನಗಳಲ್ಲಿ ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು ನಡೆಸುವ ಪದ್ಧತಿಯು ನೆಲೆಗೊಂಡ ಮೇಲೆ ಹೊಣೆಯೂ ಹಸ್ತವೂ ಬೇರೆಯಾದವು. ಪ್ಯಾನ್ ಅಮೆರಿಕನ್ ಸಂಸ್ಥೆಯು ತನ್ನ ಜಲವಿಮಾನಗಳಿಗೆ ನೌಕಾಪದ್ಧತಿಯ ಪದವಿಗಳನ್ನೂ ಉಡುಪನ್ನೂ ತಂದು ಈ ಭೇದವನ್ನು ತೋಳಿನ ಮೇಲಿನ ಪಟ್ಟಿಗಳಲ್ಲಿಯೇ ತೋರಿಸಿತು. ಆದರೆ ಕ್ಯಾಪ್ಟನ್ನನೂ ಸಹಪೈಲಟ್ಟನೂ ಒಂದೊಂದು ಹಾರಾಟವನ್ನು ಸರದಿಯಂತೆ ನಡೆಸುವ ರೂಢಿಯು ಬೆಳೆದುದರಿಂದ, ಸಹಪೈಲಟ್ಟನು ತಾನೇ ಹಾರಿಸಿದ ಘಂಟೆಗಳನ್ನು ಯಾವ ಅಂಕಣದಲ್ಲಿ ಬರೆಯಬೇಕೆಂಬ ಪ್ರಶ್ನೆಯು ಉಳಿದುಕೊಂಡಿತು.

ಈ ಪ್ರಶ್ನೆಯನ್ನು ಕೇವಲ ಗುಮಾಸ್ತರ ಲೆಕ್ಕವೆಂದು ತಳ್ಳಿಹಾಕುವಂತಿಲ್ಲ. 1944ರ ಷಿಕಾಗೋ ಒಪ್ಪಂದದ ಮೊದಲನೆಯ ಅನುಬಂಧವು ಪೈಲಟ್ಟರ ಲೈಸೆನ್ಸುಗಳನ್ನು ಕುರಿತದ್ದು. ಅದರಂತೆ ವಿಮಾನಸಾರಿಗೆಯ ಅತ್ಯುನ್ನತ ಲೈಸೆನ್ಸಿಗೆ 1500 ಘಂಟೆಗಳ ಹಾರಾಟ ಬೇಕು. ಅದರೊಳಗೆ ಅಧಿಪತಿಯಾಗಿ 250 ಘಂಟೆಗಳೋ, ಮೇಲ್ವಿಚಾರಣೆಯಲ್ಲಿ ಅಧಿಪತಿಯ ಕಾರ್ಯವನ್ನು ನಿರ್ವಹಿಸಿದ 500 ಘಂಟೆಗಳೋ ಇರಬೇಕು. ಕನಿಷ್ಠ 70 ಘಂಟೆಗಳ ಸ್ವಂತ ಅಧಿಪತ್ಯಕ್ಕೆ ಉಳಿದುದನ್ನು ಮೇಲ್ವಿಚಾರಣೆಯ ಘಂಟೆಗಳಿಂದ ಕೂಡಿಸಲೂ ಬಹುದು. ಹೀಗೆ ಅಂಕಣದ ಹೆಸರಿನ ಮೇಲೆ ಒಬ್ಬನ ಜೀವನೋಪಾಯವು ನಿಂತಿರುವುದು.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಿಯಮಾವಳಿಯಲ್ಲಿ ಗೊಂದಲದ ಬೇರು ಸ್ಪಷ್ಟವಾಗಿ ಕಾಣುತ್ತದೆ. ಅದರ ಮೊದಲನೆಯ ಭಾಗವು 'ಪೈಲಟ್ ಇನ್ ಕಮಾಂಡ್' ಎಂದರೆ ಹಾರಾಟದ ಕ್ಷೇಮಕ್ಕೆ ಅಂತಿಮ ಅಧಿಕಾರವನ್ನೂ ಹೊಣೆಯನ್ನೂ ಹೊತ್ತವನೆಂದು ಹೇಳುವುದು. 61ನೆಯ ಭಾಗದ 51ನೆಯ ವಿಧಿಯಾದರೋ, ತನಗೆ ಅರ್ಹತೆಯಿರುವ ವಿಮಾನದ ಚಾಲನೋಪಕರಣಗಳನ್ನು ತಾನೊಬ್ಬನೇ ಹಿಡಿದು ನಡೆಸಿದವನು ಅಷ್ಟು ಕಾಲವನ್ನು ಅದೇ ಹೆಸರಿನಲ್ಲಿ ಬರೆದುಕೊಳ್ಳಬಹುದೆನ್ನುವುದು. ಒಂದೆಡೆ ಪದವು ಪದವಿಯನ್ನು ಹೇಳುತ್ತದೆ, ಇನ್ನೊಂದೆಡೆ ಕೈಕೆಲಸವನ್ನು. ಪರಿಣಾಮವೇನೆಂದರೆ, ಎರಡೂವರೆ ಘಂಟೆಗಳ ಒಂದು ಹಾರಾಟಕ್ಕೆ ಕ್ಯಾಪ್ಟನ್ನನ ಪುಸ್ತಕದಲ್ಲಿ ಎರಡೂವರೆ, ಸಹಪೈಲಟ್ಟನ ಪುಸ್ತಕದಲ್ಲಿ ಹೆಚ್ಚುಕಡಿಮೆ ಎರಡೂವರೆ ಅಧಿಪತ್ಯದ ಘಂಟೆಗಳು ನ್ಯಾಯವಾಗಿಯೇ ಸೇರಬಹುದು. ಹೆಚ್ಚುಕಡಿಮೆಯೆಂದುದಕ್ಕೆ ಕಾರಣವುಂಟು. ಹಾರಾಟದ ಕಾಲವೆಂಬುದು ವಿಮಾನವು ಹೊರಡಲೆಂದು ಕದಲಿದ ಕ್ಷಣದಿಂದ ಕಡೆಗೆ ನಿಲ್ಲುವವರೆಗಿನದು. ಅನೇಕ ಜೆಟ್ ವಿಮಾನಗಳಲ್ಲಿ ನೆಲದ ಮೇಲೆ ತಿರುಗಿಸುವ ಚಿಕ್ಕ ಚಕ್ರವಿರುವುದು ಕ್ಯಾಪ್ಟನ್ನನ ಎಡಗೈಯ ಬಳಿಯಲ್ಲಿ ಮಾತ್ರ. ಅಕ್ಷರಶಃ ನಡೆಯುವ ಸಹಪೈಲಟ್ಟನು ಆ ನಿಮಿಷಗಳನ್ನು ಕಳೆಯಬೇಕಾಗುವುದು. ಎಷ್ಟು ಮಂದಿ ಕಳೆಯುವರೋ!

ಬಹುಕಾಲ ಈ ವಿಧಿಯಿಂದ ವಿಮಾನ ಕಂಪನಿಗಳ ಸಹಪೈಲಟ್ಟರಿಗೆ ಹೆಚ್ಚಿನ ಪ್ರಯೋಜನವಿರಲಿಲ್ಲ. ಆಯಾ ಮಾದರಿಯ ವಿಮಾನಕ್ಕೆ ಬೇಕಾದ ಪೂರ್ಣ ಅರ್ಹತಾಪತ್ರವು ಅವರಲ್ಲಿ ಅನೇಕರಿಗೆ ಇರಲಿಲ್ಲ. 2005ರಲ್ಲಿ ಬಂದ ಸಹಪೈಲಟ್ಟರ ವಿಶೇಷ ಅರ್ಹತೆಯೂ ಈ ಬಾಗಿಲನ್ನು ತೆರೆಯಲಿಲ್ಲ. ತೆರೆದದ್ದು ಒಂದು ದುರಂತ. 2009ನೆಯ ಫೆಬ್ರವರಿ 12ರಂದು ಬಫೆಲೋ ನಗರದ ಬಳಿ ಕೋಲ್ಗನ್ ಏರ್ ಸಂಸ್ಥೆಯ ವಿಮಾನವು ಬಿದ್ದು 50 ಜನರು ಮಡಿದರು. ಮರುವರ್ಷ ಅಮೆರಿಕದ ಶಾಸನಸಭೆಯು ಕಾನೂನೊಂದನ್ನು ಮಾಡಿತು. 2013ರಿಂದ ಸಹಪೈಲಟ್ಟನಿಗೂ ಅತ್ಯುನ್ನತ ವರ್ಗದ ಅರ್ಹತಾಪತ್ರವೂ, ಸಾಮಾನ್ಯವಾಗಿ 1500 ಘಂಟೆಗಳೂ, ವಿಮಾನದ ಮಾದರಿಯ ಅರ್ಹತೆಯೂ ಕಡ್ಡಾಯವಾದವು. ಬಿದ್ದ ವಿಮಾನದ ಇಬ್ಬರಿಗೂ 1500ಕ್ಕಿಂತ ಹೆಚ್ಚು ಘಂಟೆಗಳ ಅನುಭವವಿದ್ದಿತೆಂಬುದನ್ನು ಇಲ್ಲಿ ಮರೆಯಬಾರದು. ಘಂಟೆಗಳಿಗೆ ಬೆಲೆಯನ್ನೇರಿಸಿದ ಕಾನೂನೇ ಅಧಿಪತ್ಯದ ಅಂಕಣವನ್ನು ಪ್ರತಿಯೊಬ್ಬ ಸಹಪೈಲಟ್ಟನ ಮುಂದೆಯೂ ತೆರೆದಿಟ್ಟಿತು. ಆದರೆ ನೌಕರಿಯನ್ನು ಕೊಡುವ ಕಂಪನಿಗಳು ಅನೇಕವಾಗಿ ಈ ಲೆಕ್ಕವನ್ನು ಒಪ್ಪದೆ, ಅರ್ಜಿದಾರನು ವಿಮಾನಕ್ಕೆ ಹೊಣೆಯಾಗಿ ರುಜು ಹಾಕಿದ ಘಂಟೆಗಳನ್ನು ಮಾತ್ರ ಕೇಳುವುವು. ಕಾನೂನಿನಂತೆ ಸತ್ಯವಾದ ಅಂಕಿಯು ಅರ್ಜಿಯಲ್ಲಿ ಅಸತ್ಯವಾಗಬಹುದು.

ಬ್ರಿಟನ್ನಿನ ಪದ್ಧತಿ ಬೇರೆ. ಅಲ್ಲಿ ಅಧಿಪತಿಗೊಂದು, ಸಹಪೈಲಟ್ಟನಿಗೊಂದು, ಇವೆರಡರ ನಡುವೆ 'ಮೇಲ್ವಿಚಾರಣೆಯಲ್ಲಿ ಅಧಿಪತಿ' ಎಂದು ಇನ್ನೊಂದು, ಹೀಗೆ ಮೂರು ಬಗೆಯ ಲೆಕ್ಕ. ಮೂರನೆಯದಕ್ಕೆ ಕ್ಯಾಪ್ಟನ್ನನ ರುಜು ಬೇಕು. ಕನ್ನಡ ಶಾಸನಗಳನ್ನು ಓದಿದವರಿಗೆ ಈ ಕ್ರಮವು ಅಪರಿಚಿತವೆನಿಸಲಾರದು: ಮಹಾಮಂಡಲೇಶ್ವರನು ನಾಡನ್ನು ತಾನೇ ಆಳುತ್ತಿದ್ದರೂ ಚಕ್ರವರ್ತಿಯ ಹೆಸರನ್ನು ಮೊದಲು ಹೇಳಿಸಿ, ತನ್ನನ್ನು 'ತತ್ಪಾದಪದ್ಮೋಪಜೀವಿ' ಎಂದು ಬರೆಸಿಕೊಳ್ಳುವನು. ಆಳಿದವನಾರು, ಯಾರ ಅಧೀನದಲ್ಲಿ ಆಳಿದನು ಎಂಬೆರಡೂ ಆ ಒಂದು ಸಮಾಸದಿಂದ ಸ್ಪಷ್ಟವಾಗುತ್ತವೆ.

ಈ ಪದ್ಧತಿಯೂ ನಿರ್ದುಷ್ಟವಲ್ಲ. ಕ್ಷೇಮಕ್ಕಾಗಿ ಕ್ಯಾಪ್ಟನ್ನನು ನಡುವೆ ಕೈಹಾಕುವ ಅಗತ್ಯ ಬೀಳಲಿಲ್ಲವೆಂಬುದೇ ರುಜುವಿನ ಷರತ್ತು. 1977ರಲ್ಲಿ ಟೆನೆರಿಫ್ ದ್ವೀಪದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಜನರು ಸತ್ತರು. ಅಲ್ಲಿ ಮುಂದಿನ ದಾರಿಯು ತೆರವಾಗಿಲ್ಲವೇ ಎಂದು ಎಂಜಿನಿಯರನು ಕೇಳಿದ ಪ್ರಶ್ನೆಯನ್ನು ಕ್ಯಾಪ್ಟನ್ನನು ಬದಿಗೊತ್ತಿದ್ದನು. ಆ ಬಳಿಕ ವಿಮಾನದೊಳಗೆ ಯಾರು ಯಾರಿಗಾದರೂ ನಿಸ್ಸಂಕೋಚವಾಗಿ ಎಚ್ಚರಿಕೆಯನ್ನು ಹೇಳಬೇಕೆಂಬ ಶಿಕ್ಷಣವು ಬೆಳೆಯಿತು. ಮೇಲ್ವಿಚಾರಕನು ಸುಮ್ಮನಿದ್ದರೆ ಮಾತ್ರ ಕಿರಿಯನ ಘಂಟೆಗಳು ಎಣಿಕೆಗೆ ಬರುವುವೆಂಬ ಷರತ್ತು ಈ ಶಿಕ್ಷಣಕ್ಕೆ ಅಷ್ಟಾಗಿ ಹೊಂದಲಾರದು. ಆದರೂ ಇಬ್ಬರ ಸಾಕ್ಷ್ಯವಿರುವ ಲೆಕ್ಕವು ಒಬ್ಬನೇ ಬರೆದುಕೊಂಡುದಕ್ಕಿಂತ ಮೇಲು. ಅಮೆರಿಕದ ಸಹಪೈಲಟ್ಟನು ವಿಧಿಯು ಕೊಟ್ಟ ಹಕ್ಕನ್ನು ಬಿಡಬೇಕಾದುದಿಲ್ಲ. ಕೈಯಾರೆ ನಡೆಸಿದ ಕಾಲವನ್ನು ಪ್ರತ್ಯೇಕವಾದ ಅಂಕಣದಲ್ಲಿ ಬರೆದು, ಹೊಣೆಹೊತ್ತ ಕಾಲದ ಮೊತ್ತದೊಡನೆ ಕೂಡಿಸದಿದ್ದರೆ ಸಾಕು.

ಮುಂದಿನ ಇತಿಹಾಸಕಾರನಿಗೂ ಇದರಿಂದ ಉಪಕಾರವಾಗುವುದು. ಒಂದೇ ದಿನದ ಒಂದೇ ಹಾರಾಟಕ್ಕೆ ಇಬ್ಬರು ಅಧಿಪತಿಗಳನ್ನು ಹೇಳುವ ಎರಡು ಪುಸ್ತಕಗಳು ಅವನ ಕೈಗೆ ಬಂದಾಗ ನಿಜವನ್ನು ತಿಳಿಯಲು ಇರುವ ನೇರವಾದ ಆಧಾರವೆಂದರೆ, ಹೊರಡುವ ಮುನ್ನ ಕ್ಯಾಪ್ಟನ್ನನೂ ಕಂಪನಿಯ ಡಿಸ್ಪ್ಯಾಚರನೂ ರುಜು ಹಾಕುವ ಅನುಮತಿಪತ್ರ. ಲಾಗ್ ಬುಕ್ಕು ಮನೆಯ ಪೆಟ್ಟಿಗೆಯಲ್ಲಿ ತಲೆಮಾರುಗಳವರೆಗೆ ಉಳಿದೀತು. ಆ ಪತ್ರವನ್ನಾದರೋ ಮೂರು ತಿಂಗಳು ಕಾದಿಟ್ಟರೆ ಅಮೆರಿಕದ ನಿಯಮಕ್ಕೆ ಸಾಕು.